ಎಸೆಯುವ ಎರಡು ಎಲೆಗಳು

ಇಸ್ಪೀಟಿನ ಹೆಸರೆತ್ತಿದೊಡನೆಯೇ ಮನೆಯ ಹಿರಿಯರ ಹುಬ್ಬು ಗಂಟಿಕ್ಕುವುದುಂಟು; ಪರೀಕ್ಷೆ ಹತ್ತಿರ ಬಂದಿದ್ದರಂತೂ ಹೇಳಬೇಕಾದುದೇ ಇಲ್ಲ. ಅವರ ಅಸಮಾಧಾನಕ್ಕೆ ಕಾರಣಗಳಿಲ್ಲದೆ ಇಲ್ಲ. ಆದರೆ ಇಂದು ಜೀವವಿಮೆಯಿಂದ ಹಿಡಿದು ಪರಮಾಣು ವಿಜ್ಞಾನದವರೆಗೆ ಎಲ್ಲೆಡೆಯೂ ಬೇಕಾಗಿರುವ ಸಂಭಾವ್ಯತೆಯ ಗಣಿತವು ಮೊದಲು ಕಣ್ತೆರೆದದ್ದು ಜೂಜಿನ ಮೇಜಿನ ಬಳಿಯಲ್ಲಿಯೇ ಎಂಬುದೂ ಅಷ್ಟೇ ನಿಜ. ಈ ಲೇಖನದಲ್ಲಿ ನಾವು ಹಣ ಕಟ್ಟುವ ಮಾತನ್ನು ಆಡುವುದಿಲ್ಲ. ನಮ್ಮ ಪ್ರಶ್ನೆ ತೀರ ಚಿಕ್ಕದು: ಕೈಯಲ್ಲಿ ಆರು ಎಲೆಗಳಿವೆ, ಎರಡನ್ನು ಬಿಡಬೇಕು, ಯಾವ ಎರಡನ್ನು ಬಿಡುವುದು?

ರಮ್ಮಿ ಆಡಿ ಬಲ್ಲವರು ‘ಬೇಡವಾದ ಎರಡನ್ನು’ ಎಂದು ಥಟ್ಟನೆ ಹೇಳಿಯಾರು. ರಮ್ಮಿಯಲ್ಲಿ ಅದು ಸರಿಯಾದ ಉತ್ತರವೇ. ಅಲ್ಲಿ ಕೈಬಿಟ್ಟ ಎಲೆ ಎದುರಾಳಿಗೆ ಉಪಯೋಗವಾಗದಿದ್ದರೆ ಸಾಕು. ಅದರ ಕಥೆ ಅಲ್ಲಿಗೆ ಮುಗಿಯಿತು. ಆದರೆ ಇಂಗ್ಲೆಂಡಿನ ಕ್ರಿಬೇಜ್ ಎಂಬ ಆಟದಲ್ಲಿ ಬಿಟ್ಟ ಎಲೆಗಳು ಸಾಯುವುದಿಲ್ಲ. ಅವು ಮೇಜಿನ ಅಂಚಿನಲ್ಲಿ ಮುಖ ಕೆಳಗಾಗಿ ಕಾದು ಕುಳಿತಿದ್ದು, ಕೊನೆಯಲ್ಲಿ ಎದ್ದು ಬಂದು ಅಂಕಗಳನ್ನು ತರುತ್ತವೆ, ಒಮ್ಮೆ ನಮಗೆ, ಇನ್ನೊಮ್ಮೆ ಎದುರಾಳಿಗೆ. ಈ ಒಂದು ನಿಯಮದಿಂದಲೇ ಆ ಆಟವು ಗಣಿತದ ವಿದ್ಯಾರ್ಥಿಗೆ ಅಪೂರ್ವವಾದೊಂದು ಪ್ರಯೋಗಶಾಲೆಯಾಗಿದೆ.

ಈ ಆಟವನ್ನು ಕಂಡುಹಿಡಿದವನು ಸರ್ ಜಾನ್ ಸಕ್ಲಿಂಗ್ ಎಂಬ ಆಂಗ್ಲ ಕವಿಯೆಂದು ಪ್ರತೀತಿ. ಆತ 1609ರಲ್ಲಿ ಹುಟ್ಟಿ 1640ರ ದಶಕದ ಆರಂಭದಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡವನು. ಹೀಗೆ ಹೇಳಿದವನು ಅದೇ ಶತಮಾನದ ಜಾನ್ ಆಬ್ರಿ ಎಂಬ ಚರಿತ್ರಕಾರ. ಸಕ್ಲಿಂಗ್ ತಾನು ಗುಟ್ಟಾಗಿ ಗುರುತು ಮಾಡಿದ ಎಲೆಗಳನ್ನು ದೇಶದ ಜೂಜುಕಟ್ಟೆಗಳಿಗೆಲ್ಲ ಕಳುಹಿಸಿ, ಆ ಮೂಲಕ 20,000 ಪೌಂಡುಗಳನ್ನು ಗಳಿಸಿದನೆಂದೂ ಆಬ್ರಿ ಸೇರಿಸುತ್ತಾನೆ. ಆಬ್ರಿಯ ಎಲ್ಲ ಮಾತುಗಳನ್ನೂ ಹಾಗೆಯೇ ನಂಬಬೇಕಾಗಿಲ್ಲ. ‘ನಾಡಿ’ ಎಂಬ ಇನ್ನೂ ಹಳೆಯ ಆಟವೊಂದರಿಂದ ಕ್ರಿಬೇಜ್ ಬೆಳೆದು ಬಂದಿತೆಂಬುದು ವಿದ್ವಾಂಸರ ಮತ. ಏನೇ ಇರಲಿ, ಸಕ್ಲಿಂಗ್ ಸತ್ತು ಹನ್ನೆರಡು ವರ್ಷಗಳಾದರೂ ಕಳೆದ ಮೇಲೆ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಮಹಾ ಗಣಿತಜ್ಞರು ಒಬ್ಬರಿಗೊಬ್ಬರು ಪತ್ರ ಬರೆದು ಸಂಭಾವ್ಯತೆಯ ಲೆಕ್ಕಕ್ಕೆ ಅಡಿಗಲ್ಲು ಹಾಕಿದರು. 1657ರಲ್ಲಿ ಹಾಲೆಂಡಿನ ಹೈಗೆನ್ಸ್ ಆ ವಿಷಯದ ಮೊದಲ ಮುದ್ರಿತ ಗ್ರಂಥವನ್ನು ಹೊರತಂದನು. ಎಂದರೆ, ಆಟವು ಅದಕ್ಕೆ ಬೇಕಾದ ಗಣಿತಕ್ಕಿಂತ ಹಿರಿಯದು. ಯಾವ ಎರಡು ಎಲೆ ಎಸೆಯಬೇಕೆಂಬುದನ್ನು ಆ ಮೊದಲ ಆಟಗಾರರು ಊಹೆಯಿಂದಲೂ ಅನುಭವದಿಂದಲೂ ಮಾತ್ರ ತೀರ್ಮಾನಿಸಬೇಕಾಗಿದ್ದಿತು.

ಆಟದ ನಿಯಮಗಳು

ಆಟ ಇಬ್ಬರದು. 52 ಎಲೆಗಳ ಕಟ್ಟನ್ನು ಕಲೆಸಿ, ಒಬ್ಬನು ತನಗೂ ಎದುರಾಳಿಗೂ ಆರಾರು ಎಲೆಗಳನ್ನು ಹಂಚುತ್ತಾನೆ. ಇಬ್ಬರೂ ತಮ್ಮ ಆರರಲ್ಲಿ ನಾಲ್ಕನ್ನು ಇಟ್ಟುಕೊಂಡು ಎರಡನ್ನು ಮುಖ ಕೆಳಗೆ ಮಾಡಿ ಬದಿಗಿಡುತ್ತಾರೆ. ಹೀಗೆ ಕೂಡಿದ ನಾಲ್ಕು ಎಲೆಗಳ ಗುಂಪಿಗೆ ಕ್ರಿಬ್ ಎಂದು ಹೆಸರು. ದನಗಳಿಗೆ ಮೇವು ಹಾಕುವ ಗೋದಲಿಗೂ ಇಂಗ್ಲಿಷಿನಲ್ಲಿ ಅದೇ ಶಬ್ದ; ಇಬ್ಬರೂ ಮೇವು ಹಾಕುವರು, ತಿನ್ನುವವನು ಮಾತ್ರ ಒಬ್ಬನೇ. ಆ ಒಬ್ಬನು ಎಲೆ ಹಂಚಿದವನು. ಹಂಚುವ ಸರದಿ ಒಂದೊಂದು ಸುತ್ತಿಗೂ ಬದಲಾಗುವುದರಿಂದ ಕ್ರಿಬ್ಬಿನ ಒಡೆತನವೂ ಬದಲಾಗುತ್ತದೆ.

ತರುವಾಯ ಉಳಿದ ಕಟ್ಟನ್ನು ಎತ್ತಿ ಒಂದು ಎಲೆಯನ್ನು ತೆರೆದಿಡುತ್ತಾರೆ. ಈ ತೆರೆದ ಎಲೆ ಎಲ್ಲರ ಸೊತ್ತು: ಇಬ್ಬರ ಕೈಯಲ್ಲಿಯೂ ಕ್ರಿಬ್ಬಿನಲ್ಲಿಯೂ ಅದು ಐದನೆಯ ಎಲೆಯಾಗಿ ಸೇರಿಕೊಳ್ಳುತ್ತದೆ. ಆಮೇಲೆ ಎಲೆಗಳನ್ನು ಒಂದೊಂದಾಗಿ ಮೇಜಿಗೆ ಇಳಿಸುತ್ತ 31ರವರೆಗೆ ಕೂಡಿಸುವ ಒಂದು ಹಂತ ಉಂಟು. ಅದರಲ್ಲಿ ಬರುವುದು ಸಾಮಾನ್ಯವಾಗಿ ಒಂದೆರಡು ಅಂಕಗಳಾದುದರಿಂದ ನಾವು ಅದನ್ನು ಸದ್ಯಕ್ಕೆ ಬಿಡುತ್ತೇವೆ. ಕೊನೆಗೆ ಎಣಿಕೆ. ಮೊದಲು ಹಂಚದವನ ಕೈ, ಅನಂತರ ಹಂಚಿದವನ ಕೈ, ಎಲ್ಲಕ್ಕೂ ಕೊನೆಗೆ ಕ್ರಿಬ್. ಅಂಕಗಳನ್ನು ರಂಧ್ರಗಳಿರುವ ಮರದ ಹಲಗೆಯೊಂದರ ಮೇಲೆ ಸಣ್ಣ ಗೂಟಗಳನ್ನು ಮುಂದೆ ಮುಂದೆ ಚುಚ್ಚಿ ಗುರುತಿಸುತ್ತಾರೆ. ಮೊದಲು 121ನ್ನು ಮುಟ್ಟಿದವನಿಗೆ ಗೆಲವು. ಎಣಿಕೆಯ ಈ ಅನುಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಅದರ ಮೇಲೆ ಬಹಳ ನಿಂತಿದೆ.

ಅಂಕಗಳ ಲೆಕ್ಕ ಹೀಗೆ. ಎಕ್ಕದ ಬೆಲೆ 1; ಗುಲಾಮ, ರಾಣಿ, ರಾಜರ ಬೆಲೆ ಹತ್ತರ ಎಲೆಗಿರುವಂತೆಯೇ 10; ಉಳಿದವು ತಮ್ಮ ಮೇಲಿರುವ ಸಂಖ್ಯೆಯಷ್ಟೇ. ಯಾವುದೇ ಎಲೆಗಳ ಮೊತ್ತ 15 ಆದರೆ 2 ಅಂಕ. ಒಂದೇ ತೆರನಾದ ಜೋಡಿಗೆ 2 ಅಂಕ. ಮೂರೋ ಹೆಚ್ಚೋ ಎಲೆಗಳು ಅನುಕ್ರಮವಾಗಿದ್ದರೆ ಎಲೆಗೊಂದು ಅಂಕ. ಕೈಯ ನಾಲ್ಕು ಎಲೆಗಳೂ ಒಂದೇ ರಂಗಿನವಾದರೆ 4. ತೆರೆದ ಎಲೆಯ ರಂಗಿನದೇ ಆದ ಗುಲಾಮ ಕೈಯಲ್ಲಿದ್ದರೆ ಮತ್ತೊಂದು. ಒಂದೇ ಎಲೆ ಎಷ್ಟು ಕೂಟಗಳಲ್ಲಿ ಬೇಕಾದರೂ ಭಾಗವಹಿಸಬಹುದೆಂಬುದು ಇಲ್ಲಿಯ ಸ್ವಾರಸ್ಯ. ಉದಾಹರಣೆಗೆ 6, 7, 7, 8 ಎಂಬ ಕೈಯನ್ನು ನೋಡಿ. 8ರೊಡನೆ ಒಂದೊಂದು 7ನ್ನು ಕೂಡಿಸಿ ಎರಡು ಹದಿನೈದುಗಳು, ಅದಕ್ಕೆ 4, 6-7-8 ಎಂಬ ಸರಣಿ ಎರಡು ಸಲ, ಅದಕ್ಕೆ 6, ಏಳರ ಜೋಡಿಗೆ 2, ಒಟ್ಟು 12. ಹೀಗೆ ಎಣಿಸುತ್ತ ಹೋದರೆ 0ಯಿಂದ 29ರವರೆಗೆ ಬಹುತೇಕ ಎಲ್ಲ ಮೊತ್ತಗಳೂ ಬರುತ್ತವೆ. 19, 25, 26 ಮತ್ತು 27 ಮಾತ್ರ ಎಂದೆಂದಿಗೂ ಬರಲಾರವು. ಆದುದರಿಂದಲೇ ಕ್ರಿಬೇಜ್ ಆಡುವವರು ಏನೂ ಬಾರದ ಬರಿಗೈಯನ್ನು ತೋರಿಸುತ್ತ ‘ನನಗೆ ಹತ್ತೊಂಬತ್ತು’ ಎಂದು ನಗುವುದುಂಟು.

ಕಾಣದ ನಲವತ್ತಾರು

52 ಎಲೆಗಳಿಂದ ಆರನ್ನು ಆರಿಸುವ ವಿಕಲ್ಪಗಳು 2,03,58,520. ಒಂದೊಂದು ಕೈಯಿಂದಲೂ ಎರಡನ್ನು ಬಿಡುವ ರೀತಿಗಳು 15. ಅಂದರೆ ಆಟಗಾರನ ಮುಂದೆ ಬರಬಹುದಾದ ಆಯ್ಕೆಗಳ ಸಂಖ್ಯೆ 30,53,77,800. ಒಂದೊಂದು ಆಯ್ಕೆಗೂ 46 ತೆರೆದ ಎಲೆಗಳು ಸಾಧ್ಯ; ಗುಣಿಸಿದರೆ ಮೊತ್ತ 1,404 ಕೋಟಿಯನ್ನು ದಾಟುತ್ತದೆ. ಇಂದಿನ ಗಣಕಯಂತ್ರಕ್ಕೆ ಇದು ಅಂಜಿಕೆಯ ಸಂಖ್ಯೆಯಲ್ಲ. ಆದರೆ ಒಂದು ಕೈಯ ಲೆಕ್ಕವನ್ನು ಕಾಗದ, ಪೆನ್ಸಿಲುಗಳಿಂದ ನಾವೇ ಮಾಡಿ ನೋಡುವುದರಲ್ಲಿರುವ ತಿಳಿವು ಯಂತ್ರದ ಉತ್ತರದಲ್ಲಿಲ್ಲ.

ನಮಗೆ ಬಂದ ಎಲೆಗಳು ಇವೆಂದು ಭಾವಿಸೋಣ: ಕಳಾವರದ 2, ಆಟೀನಿನ 3, ಇಸ್ಪೀಟಿನ 6, ಡೈಮಂಡಿನ 7, ಕಳಾವರದ 8, ಆಟೀನಿನ ರಾಜ. 6-7-8ರ ಸರಣಿಯನ್ನು ಒಡೆಯಲು ಯಾರಿಗೂ ಮನಸ್ಸು ಬಾರದು. ಅದರ ಜೊತೆಗೆ ನಾಲ್ಕನೆಯ ಎಲೆ ಯಾವುದು? 2ನ್ನು ಇಟ್ಟುಕೊಂಡರೆ 7+8 ಒಂದು ಹದಿನೈದು, 2+6+7 ಇನ್ನೊಂದು, ಸರಣಿಗೆ 3. ಕೈಯಲ್ಲಿಯೇ 7 ಅಂಕಗಳು. ಆಗ ಬಿಡುವುದು 3 ಮತ್ತು ರಾಜ. ಬದಲಿಗೆ ರಾಜನನ್ನು ಇಟ್ಟುಕೊಂಡು 2-3ನ್ನು ಬಿಟ್ಟರೆ ಕೈಯಲ್ಲಿ ಉಳಿಯುವುದು 5 ಅಂಕಗಳು ಮಾತ್ರ. ಹೊಸಬನು ಇಲ್ಲಿಗೇ ನಿಂತು, ಏಳು ಐದಕ್ಕಿಂತ ದೊಡ್ಡದೆಂದು ತೀರ್ಮಾನಿಸಿಬಿಡುವನು. ಆದರೆ ತೆರೆದ ಎಲೆ ಇನ್ನೂ ಬರಬೇಕಾಗಿದೆ.

ಅದು ಯಾವುದಾದೀತು? 52ರಲ್ಲಿ ಯಾವುದಾದರೂ ಎನ್ನುವುದು ತಪ್ಪು. ನಮ್ಮ ಕೈಗೆ ಬಂದ ಆರೂ ಅದಾಗಲಾರವು. ಉಳಿದವು 46, ಅವುಗಳಲ್ಲಿ ಎಲ್ಲಕ್ಕೂ ಸಮಾನ ಅವಕಾಶ. ಎದುರಾಳಿಯ ಕೈಯಲ್ಲಿ ಆರು ಎಲೆಗಳಿವೆಯಲ್ಲ, ಅವನ್ನು ಕಳೆಯಬೇಡವೇ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಕಳೆಯಬೇಕಾಗಿಲ್ಲ. ಅವು ಯಾವುವೆಂದು ನಮಗೆ ತಿಳಿಯದಿರುವ ತನಕ ಅವು ಕಟ್ಟಿನೊಳಗಿದ್ದರೂ ಅವನ ಕೈಯಲ್ಲಿದ್ದರೂ ನಮ್ಮ ಲೆಕ್ಕಕ್ಕೆ ಒಂದೇ. ಸಂಭಾವ್ಯತೆ ಎಂಬುದು ಎಲೆಗಳ ಗುಣವಲ್ಲ, ನಮ್ಮ ತಿಳಿವಳಿಕೆಯ ಅಳತೆ ಎಂಬ ಮಾತು ಇಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ.

ಈಗ 2-6-7-8ರ ಲೆಕ್ಕ. ಉಳಿದಿರುವ ನಾಲ್ಕು ಎಕ್ಕಗಳಲ್ಲಿ ಒಂದು ತೆರೆದರೆ ಕೈ 9ಕ್ಕೆ ಏರುತ್ತದೆ, ಏಕೆಂದರೆ 1+6+8 ಹದಿನೈದಾಗುವುದು. ಮೂರು 2ಗಳಲ್ಲಿ ಯಾವುದು ಬಂದರೂ 11. ನಾಲ್ಕು 5ಗಳಿಗೆ 10. ಮೂರು 6ಗಳಿಗೆ 14. ಮೂರು 7ಗಳಿಗೆ 16, ಇದೇ ಶಿಖರ. ಮೂರು 8ಗಳಿಗೆ ಮತ್ತೆ 14. ನಾಲ್ಕು 9ಗಳಿಗೆ 10. ಮಿಕ್ಕ 22 ಎಲೆಗಳಿಂದ ಯಾವ ಲಾಭವೂ ಇಲ್ಲ, ಇದ್ದ 7 ಹಾಗೆಯೇ ಉಳಿಯುವುದು. ಎಲ್ಲವನ್ನೂ ಕೂಡಿಸಿದರೆ 435. 46ರಿಂದ ಭಾಗಿಸಿದರೆ ಸರಾಸರಿ 9.46.

ಇನ್ನೊಂದು ಆಯ್ಕೆಯಾದ 6-7-8-ರಾಜ ಕೈಗೂ ಇದೇ ರೀತಿ ಮಾಡಬೇಕು. ನಾಲ್ಕು ಎಕ್ಕ, ಮೂರು 2, ಮೂರು ರಾಜ ಇವುಗಳಿಗೆ 7, 5ಗಳಿಗೂ 9ಗಳಿಗೂ 8, 6ಗಳಿಗೆ 10, 7 ಮತ್ತು 8ಗಳಿಗೆ 12, ಉಳಿದ 19 ಎಲೆಗಳಿಗೆ ಬರಿಯ 5. ಮೊತ್ತ 331, ಸರಾಸರಿ 7.20. ಎರಡು ಕೈಗಳ ನಡುವಿನ ಅಂತರ 2.26. ವಾಚಕರು ಇದನ್ನು ತಾವೇ ಒಮ್ಮೆ ಎಣಿಸಿ ನೋಡಿದರೆ ಹತ್ತು ನಿಮಿಷಗಳಿಗಿಂತ ಹೆಚ್ಚು ಹಿಡಿಯದು.

ಇಲ್ಲಿಯವರೆಗೆ ಕೈಯ ಮಾತಾಯಿತು. ಈಗ ಬಿಟ್ಟ ಎಲೆಗಳ ಮಾತು.

ಕಟ್ಟಿನಲ್ಲಿ ಹತ್ತರ ಬೆಲೆಯುಳ್ಳ ಎಲೆಗಳು 16, ಸರಿಸುಮಾರು ಮೂರರಲ್ಲಿ ಒಂದು. ಆದುದರಿಂದ 5 ಎಂಬುದು ಈ ಆಟದ ಚಿನ್ನ; ಹತ್ತರ ಎಲೆಯೊಂದು ಎಲ್ಲಿ ಸಿಕ್ಕಿದರೂ ಅದು ಹದಿನೈದಾಗುತ್ತದೆ. 2-3 ಎಂಬ ಜೋಡಿ ಎರಡು ತುಂಡಾದ ಒಂದು 5 ಇದ್ದಂತೆ. ಅದನ್ನು ಕ್ರಿಬ್ಬಿಗೆ ಹಾಕಿದಾಗ ಇನ್ನು ಮೂರು ಅಜ್ಞಾತ ಎಲೆಗಳು ಬಂದು ಸೇರುತ್ತವೆ: ಎದುರಾಳಿಯ ಎರಡು, ತೆರೆದದ್ದು ಒಂದು. ಅವು 46ರಿಂದ ಯದೃಚ್ಛೆಯಾಗಿ ಬರುತ್ತವೆಂದು ಇಟ್ಟುಕೊಂಡರೆ ವಿಕಲ್ಪಗಳು 15,180. ರಾಜನೊಬ್ಬ ನಮ್ಮಲ್ಲೇ ಇರುವುದರಿಂದ ಹೊರಗೆ ಉಳಿದ ಹತ್ತರ ಎಲೆಗಳು 15. ಅವುಗಳಲ್ಲಿ ಒಂದೂ ಬಾರದಿರುವ ವಿಕಲ್ಪಗಳು 4,495. ಉಳಿದ 10,685 ಸಲ, ಅಂದರೆ ನೂರಕ್ಕೆ ಎಪ್ಪತ್ತು ಸಲ, ಒಂದು ಹದಿನೈದಾದರೂ ಖಂಡಿತ. ಎಕ್ಕವೋ 4ವೋ ಬಂದರೆ ಸರಣಿಯೂ ಆಯಿತು. 3-ರಾಜ ಜೋಡಿಗೆ ಈ ಯೋಗವಿಲ್ಲ. ಅವೆರಡರ ಮೊತ್ತ 13. ಅದನ್ನು ತುಂಬಲು 2 ಬೇಕು, ಉಳಿದಿರುವ 2ಗಳು ಮೂರೇ. ಸರಣಿಯಲ್ಲಿ ಅವೆರಡೂ ಎಂದೂ ಒಂದಾಗಿ ಕೂಡಲಾರವು. ಲೆಕ್ಕ ಹಾಕಿ ಸಿದ್ಧಪಡಿಸಿದ ಕೋಷ್ಟಕಗಳ ಪ್ರಕಾರ, ನಮ್ಮದೇ ಕ್ರಿಬ್ಬಿನಲ್ಲಿ 2-3ರ ಸರಾಸರಿ ಬೆಲೆ ಸುಮಾರು 7. 3-ರಾಜನದು ಮೂರೂವರೆಯಿಂದ ನಾಲ್ಕರೊಳಗೆ.

ಎಲೆ ಹಂಚಿದವರು ನಾವಾಗಿದ್ದರೆ ಕ್ರಿಬ್ ನಮ್ಮದು. ಎರಡು ಸರಾಸರಿಗಳನ್ನು ಕೂಡಿಸಬೇಕು. 2-3ನ್ನು ಬಿಟ್ಟರೆ 14ಕ್ಕಿಂತ ತುಸು ಹೆಚ್ಚು, 3-ರಾಜನನ್ನು ಬಿಟ್ಟರೆ 13ರ ಆಸುಪಾಸು. ಕೈಯಲ್ಲಿ ಎರಡು ಅಂಕ ಕಳೆದುಕೊಂಡದ್ದೇ ಲಾಭವಾಯಿತು! ಎದುರಾಳಿ ಹಂಚಿದ್ದರೆ ಕ್ರಿಬ್ ಅವನದು. ಅದರ ಬೆಲೆಯನ್ನು ಕಳೆಯಬೇಕು. ಆಗ 3-ರಾಜನನ್ನು ಬಿಡುವುದು 2-3ನ್ನು ಬಿಡುವುದಕ್ಕಿಂತ ಸುಮಾರು ಐದು ಅಂಕಗಳಷ್ಟು ಮೇಲು. ಅದೇ ಆರು ಎಲೆಗಳು, ಅದೇ ಆಟಗಾರ, ಆದರೆ ಒಂದು ಚಿಹ್ನೆ ಧನದಿಂದ ಋಣಕ್ಕೆ ತಿರುಗಿದ ಮಾತ್ರಕ್ಕೆ ಉತ್ತರವೂ ತಿರುಗಿಬಿಟ್ಟಿತು.

ಇಲ್ಲಿ ಇನ್ನೊಂದು ಸೊಗಸು ಅಡಗಿದೆ. 6-7-8-ರಾಜ ಕೈಗೆ ಏನೂ ತಾರದ 19 ಎಲೆಗಳಿದ್ದುವಷ್ಟೆ: ಮೂರು 3, ನಾಲ್ಕು 4, ಹನ್ನೆರಡು 10, ಗುಲಾಮ, ರಾಣಿಗಳು. ಅವೇ ಎಲೆಗಳನ್ನು ಕ್ರಿಬ್ಬಿನಲ್ಲಿರುವ 2-3ರ ಪಕ್ಕದಲ್ಲಿಟ್ಟು ನೋಡಿ. 3 ಬಂದರೆ ಜೋಡಿ. 4 ಬಂದರೆ 2-3-4 ಎಂಬ ಸರಣಿ. 10, ಗುಲಾಮ, ರಾಣಿಗಳಲ್ಲಿ ಯಾವುದು ಬಂದರೂ ಹದಿನೈದು. ಕೈ ಸೋತ ಕಡೆಯಲ್ಲೆಲ್ಲ ಕ್ರಿಬ್ ಕೈಹಿಡಿಯುತ್ತದೆ. ಹಾಗಾಗಿ ಹಂಚಿದವನು 2-3ನ್ನು ಬಿಟ್ಟರೂ ಕೈ, ಕ್ರಿಬ್ ಎರಡೂ ಸೇರಿ 7ಕ್ಕಿಂತ ಕೆಳಗೆ ಎಂದೂ ಇಳಿಯುವುದಿಲ್ಲ. ಮೊದಲ ಸಲ ಲೆಕ್ಕ ಮಾಡುವಾಗ ನಾವು ಇದನ್ನು ಗಮನಿಸಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಸರಾಸರಿ ಎಂಬ ಒಂದೇ ಸಂಖ್ಯೆಯನ್ನು ಹಿಡಿದು ಕುಳಿತವನಿಗೆ ಇಂತಹ ಹೊಂದಾಣಿಕೆಗಳು ಕಣ್ಣಿಗೆ ಬೀಳುವುದಿಲ್ಲ.

ಎದುರಾಳಿಯೂ ಯೋಚಿಸುತ್ತಾನೆ

ಮೇಲಿನ ಲೆಕ್ಕದಲ್ಲಿ ಒಂದು ಸುಳ್ಳನ್ನು ನಾವು ಮೆಲ್ಲನೆ ಒಳಗೆ ಬಿಟ್ಟುಕೊಂಡಿದ್ದೇವೆ. ಎದುರಾಳಿಯ ಎರಡು ಎಲೆಗಳು ಯದೃಚ್ಛೆಯಾಗಿ ಬರುತ್ತವೆಂದೆವು. ಹಾಗಲ್ಲ; ಅವನೂ ನಮ್ಮಂತೆಯೇ ತಲೆ ಕೆರೆದುಕೊಂಡು ಆರಿಸುತ್ತಾನೆ. ಕ್ರಿಬ್ ನಮ್ಮದಾದರೆ ಅವನು 5ನ್ನು ಕೊಡಲಾರ, ಜೋಡಿಯನ್ನು ಕೊಡಲಾರ, 7-8ನ್ನು ಕೊಡಲಾರ. ರಾಜ ಮತ್ತು 9, ರಾಜ ಮತ್ತು 10 ಹೀಗೆ ಒಂದಕ್ಕೊಂದು ಆಗಿಬಾರದ ಎಲೆಗಳನ್ನೇ ಎಸೆಯುತ್ತಾನೆ. ಕ್ರಿಬ್ ಅವನದಾದರೆ ಎಲ್ಲವೂ ತಿರುಗುಮುರುಗು. ಆದುದರಿಂದ ಒಂದೇ ಜೋಡಿಗೆ ನಮ್ಮ ಕ್ರಿಬ್ಬಿನಲ್ಲಿ ಒಂದು ಬೆಲೆ, ಎದುರಾಳಿಯ ಕ್ರಿಬ್ಬಿನಲ್ಲಿ ಇನ್ನೊಂದು ಬೆಲೆ. ಒಳ್ಳೆಯ ಕೋಷ್ಟಕಗಳು ಯಾವಾಗಲೂ ಎರಡು. 5-5ಕ್ಕೆ ಸ್ವಂತ ಕ್ರಿಬ್ಬಿನಲ್ಲಿ ಸುಮಾರು 9 ಅಂಕ, 10-ರಾಜನಿಗೆ ಸುಮಾರು 3.

ಹಾಗಾದರೆ ಕೋಷ್ಟಕವನ್ನು ರಚಿಸುವ ಬಗೆ ಹೇಗೆ? ನಾವು ಏನನ್ನು ಎಸೆಯಬೇಕೆಂದು ತಿಳಿಯಲು ಅವನು ಏನನ್ನು ಎಸೆಯುವನೆಂದು ತಿಳಿಯಬೇಕು. ಅವನದನ್ನು ತಿಳಿಯಲು ನಮ್ಮದನ್ನು ತಿಳಿಯಬೇಕು. ಬಾವಿಯ ಹಗ್ಗ ಬಾವಿಯೊಳಗೇ ಬಿದ್ದಂತಾಯಿತು. ಗಣಿತದಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಮೊದಲು ಅವನು ಕಣ್ಣುಮುಚ್ಚಿ ಎಸೆಯುವನೆಂದೇ ಭಾವಿಸಿ ನಮ್ಮ ಉತ್ತಮ ಆಯ್ಕೆಗಳನ್ನು ಕಂಡುಕೊಳ್ಳುವುದು. ಅನಂತರ ನಾವು ಹಾಗೆ ಎಸೆಯುವೆವೆಂದು ತಿಳಿದ ಎದುರಾಳಿಯ ಉತ್ತಮ ಆಯ್ಕೆಗಳನ್ನು ಕಂಡುಕೊಳ್ಳುವುದು. ಅವನ ಹೊಸ ರೀತಿಗೆ ತಕ್ಕಂತೆ ನಮ್ಮದನ್ನು ಮತ್ತೆ ತಿದ್ದುವುದು. ಹೀಗೆ ಹಲವು ಸಲ ಹಿಂದೆ ಮುಂದೆ ಹೋಗುತ್ತ ಸಂಖ್ಯೆಗಳು ಬದಲಾಗುವುದು ನಿಂತಾಗ ಕೋಷ್ಟಕ ಸಿದ್ಧವಾಯಿತೆಂದು ಅರ್ಥ. ಒಂದು ಸಂಖ್ಯೆಯ ವರ್ಗಮೂಲವನ್ನು ಊಹೆಯಿಂದ ಆರಂಭಿಸಿ ತಿದ್ದುತ್ತ ತಿದ್ದುತ್ತ ಹತ್ತಿರ ಹೋಗುವ ವಿಧಾನವನ್ನು ಕಲಿತವರಿಗೆ ಇದು ಅಪರಿಚಿತವೆನಿಸದು. ಎದುರಾಳಿಯೂ ಯೋಚಿಸುವವನೇ ಎಂಬ ಅಂಶವನ್ನು ಗಣಿತದೊಳಕ್ಕೆ ತಂದು ಆಟಗಳ ಸಿದ್ಧಾಂತಕ್ಕೆ ತಳಹದಿ ಹಾಕಿದ ಪ್ರಬಂಧವನ್ನು ಜಾನ್ ಫಾನ್ ನಾಯ್ಮನ್ ಪ್ರಕಟಿಸಿದುದು 1928ರಲ್ಲಿ. ಆಸ್ಕರ್ ಮಾರ್ಗನ್‌ಸ್ಟರ್ನರೊಡನೆ ಆತ ಬರೆದ ಮಹಾಗ್ರಂಥ 1944ರಲ್ಲಿ ಬಂದಿತು.

ನಾವು ಈ ಆಟವನ್ನು ಕಲಿತ ಹೊಸದರಲ್ಲಿ ಸ್ನೇಹಿತರೊಬ್ಬರ ಕ್ರಿಬ್ಬಿಗೆ 5 ಮತ್ತು ರಾಜನನ್ನು ಸಂತೋಷದಿಂದ ಕೊಟ್ಟಿದ್ದುಂಟು. ಅವರು ಒಂದೂ ಮಾತನಾಡದೆ ಗೂಟವನ್ನು ಮುಂದಕ್ಕೆ ಚುಚ್ಚಿದರು. ಆ ಮೌನವೇ ನಮಗೆ ಮೊದಲ ಪಾಠವಾಯಿತು.

ಆಟದ ಅತ್ಯುನ್ನತ ಕೈಯಾದ 29ರ ವಿಚಾರವನ್ನು ಹೇಳದಿದ್ದರೆ ವಾಚಕರು ಕೋಪಗೊಂಡಾರು. ಅದಕ್ಕೆ ಮೂರು 5ಗಳೂ ಒಬ್ಬ ಗುಲಾಮನೂ ಕೈಯಲ್ಲಿರಬೇಕು, ಆ ಗುಲಾಮನ ರಂಗಿನದೇ ಆದ ನಾಲ್ಕನೆಯ 5 ತೆರೆಯಬೇಕು. ಬರಿಯ ನಾಲ್ಕು ಎಲೆಗಳನ್ನು ಮಾತ್ರ ಹಂಚುವುದಾದರೆ ಕೈ ಮತ್ತು ತೆರೆದ ಎಲೆ ಸೇರಿ 1,29,94,800 ರೀತಿಗಳಿವೆ. ಅವುಗಳಲ್ಲಿ ನಮಗೆ ಬೇಕಾದವು ನಾಲ್ಕೇ. ಅಂದರೆ 32,48,700ರಲ್ಲಿ ಒಂದು. ಆದರೆ ಆರು ಎಲೆಗಳಿಂದ ನಾಲ್ಕನ್ನು ಆರಿಸಿಕೊಳ್ಳುವ ಹದಿನೈದು ದಾರಿಗಳಿರುವುದರಿಂದ ಅವಕಾಶವೂ ಹದಿನೈದು ಮಡಿ ಹೆಚ್ಚಿ 2,16,580ರಲ್ಲಿ ಒಂದಾಗುತ್ತದೆ. ಎರಡು ಎಲೆ ಎಸೆಯುವ ಹಕ್ಕಿನ ಬೆಲೆ ಇಷ್ಟು! ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಅಮೆರಿಕದ ವಾಹೂ ಎಂಬ ಜಲಾಂತರ್ಗಾಮಿಯೊಳಗೆ ರಿಚರ್ಡ್ ಓಕೇನ್ ಎಂಬ ಅಧಿಕಾರಿಗೆ ಈ ಕೈ ಬಂದಿತು. ಎಲೆ ಹಂಚಿದವನು ಆ ನೌಕೆಯ ನಾಯಕ ಡಡ್ಲಿ ಮಾರ್ಟನ್. ನಾವಿಕರು ಅದನ್ನು ಶುಭಶಕುನವೆಂದು ಬಗೆದರಂತೆ. ಶಕುನವನ್ನು ನಾವು ನಂಬುವುದಿಲ್ಲ. ಓಕೇನ್ ತನ್ನ 5ಗಳನ್ನು ಎಸೆಯಲಿಲ್ಲವೆಂಬುದನ್ನು ಮಾತ್ರ ಮೆಚ್ಚುತ್ತೇವೆ.

ಗೆಲುವಿನ ಗೆರೆಯ ಬಳಿ

ಸರಾಸರಿ ಎಂಬುದು ದೀರ್ಘ ಪ್ರಯಾಣದ ಸಂಗಾತಿ. ನೂರು ಸುತ್ತುಗಳ ಲೆಕ್ಕದಲ್ಲಿ ಅದು ಮೋಸಮಾಡದು. ಆದರೆ ಆಟ ಮುಗಿಯುವುದು 121ರಲ್ಲಿ, ಅಲ್ಲಿಗೆ ಒಂದೇ ಸುತ್ತು ಉಳಿದಿರುವಾಗ ನೂರು ಸುತ್ತುಗಳ ಮಾತು ಏತಕ್ಕೆ? ಅರ್ಧಕ್ಕೆ ನಿಂತ ಆಟದ ಪಣವನ್ನು ಇಬ್ಬರಿಗೆ ಹೇಗೆ ಹಂಚಬೇಕೆಂಬುದೇ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎತ್ತಿಕೊಂಡ ಪ್ರಶ್ನೆ. ಅವರು ಕಂಡ ಉತ್ತರದ ತಿರುಳು ಇಷ್ಟು: ಈವರೆಗೆ ಯಾರು ಎಷ್ಟು ಗಳಿಸಿದರೆಂಬುದು ಮುಖ್ಯವಲ್ಲ, ಗೆಲ್ಲಲು ಯಾರಿಗೆ ಇನ್ನೆಷ್ಟು ಬೇಕೆಂಬುದು ಮುಖ್ಯ.

ನಮಗೆ ಬಂದಿರುವುದು ಇಸ್ಪೀಟಿನ 7, ಡೈಮಂಡಿನ 8, ಆಟೀನಿನ 10, ಕಳಾವರದ ಗುಲಾಮ, ಇಸ್ಪೀಟಿನ ರಾಣಿ, ಡೈಮಂಡಿನ ರಾಜ ಎಂದಿಟ್ಟುಕೊಳ್ಳೋಣ. ಎಲೆ ಹಂಚಿದವನು ಎದುರಾಳಿ, ಕ್ರಿಬ್ ಅವನದು. 10-ಗುಲಾಮ-ರಾಣಿ-ರಾಜ ಎಂಬ ನಾಲ್ಕರ ಸರಣಿಯನ್ನು ಇಟ್ಟುಕೊಂಡರೆ, ಗುಲಾಮನ ರಂಗಿಗೆ ಸಿಗುವ ಬಿಡಿ ಅಂಕವೂ ಸೇರಿ, 46 ಎಲೆಗಳ ಸರಾಸರಿ 6.61. ಆದರೆ ಬಿಡುವುದು 7 ಮತ್ತು 8. ಅದು ಸಿದ್ಧವಾದ ಹದಿನೈದು, ಸರಣಿಗೂ ಬೀಜ. ಎದುರಾಳಿಯ ಕ್ರಿಬ್ಬಿನಲ್ಲಿ ಅದರ ಬೆಲೆ ಆರೂವರೆಗೂ ಹೆಚ್ಚು. 7-10-ಗುಲಾಮ-ರಾಣಿಯನ್ನು ಇಟ್ಟುಕೊಂಡು 8-ರಾಜನನ್ನು ಬಿಟ್ಟರೆ ಕೈಯ ಸರಾಸರಿ 5.17ಕ್ಕೆ ಇಳಿಯುತ್ತದೆ, ಆದರೆ ಕ್ರಿಬ್ಬಿಗೆ ಹೋಗುವುದು ನಾಲ್ಕರ ಆಸುಪಾಸು ಮಾತ್ರ. ಕೈಯಲ್ಲಿ ನಷ್ಟ ಒಂದೂವರೆಯೊಳಗೆ, ಕ್ರಿಬ್ಬಿನಲ್ಲಿ ಉಳಿತಾಯ ಎರಡೂವರೆಯಷ್ಟು. ಆಟದ ಆರಂಭದಲ್ಲಾದರೆ, ಇವೆರಡರಲ್ಲಿ 8-ರಾಜನನ್ನು ಬಿಡುವುದೇ ವಿವೇಕ.

ಈಗ ಹಲಗೆಯನ್ನು ನೋಡೋಣ. ನಮ್ಮ ಗೂಟ 111ರಲ್ಲಿದೆ, ಎದುರಾಳಿಯದು 118ರಲ್ಲಿ. ನಮಗೆ ಬೇಕಾದುದು 10, ಅವನಿಗೆ ಬೇಕಾದುದು 3. ಎಲೆ ಇಳಿಸುವ ಹಂತದ ಸಣ್ಣ ಅಂಕಗಳನ್ನು ಬದಿಗಿಟ್ಟು ಯೋಚಿಸಿದರೆ, ಅವನ ಕೈಯೊಂದರಿಂದಲೇ ಮೂರು ಅಂಕ ಬರುವುದು ಬಹುಮಟ್ಟಿಗೆ ಖಚಿತ. ಆದರೆ ಹಂಚದವರಾದ ನಮ್ಮ ಕೈಯ ಎಣಿಕೆ ಅವನದಕ್ಕಿಂತ ಮೊದಲು. ಆದುದರಿಂದ ಪ್ರಶ್ನೆ ಸರಾಸರಿಯದಲ್ಲ. ಈ ಒಂದು ಎಣಿಕೆಯಲ್ಲಿ ಹತ್ತನ್ನು ಮುಟ್ಟಿಸುವ ತೆರೆದ ಎಲೆಗಳು 46ರಲ್ಲಿ ಎಷ್ಟು?

7-10-ಗುಲಾಮ-ರಾಣಿ ಕೈಗೆ ನೋಡಿರಿ. 10, ಗುಲಾಮ, ರಾಣಿಗಳಲ್ಲಿ ಒಂದು ಬಂದರೆ ಜೋಡಿಯೂ ಎರಡು ಸರಣಿಗಳೂ ಸೇರಿ 8. ಅದು ಗುಲಾಮನ ರಂಗಿನದೇ ಆದರೂ 9ಕ್ಕೆ ನಿಲ್ಲುತ್ತದೆ. 5 ಬಂದರೆ ಮೂರು ಹದಿನೈದುಗಳು, ಒಂದು ಸರಣಿ, ಅದೂ 9. ಗುಲಾಮನ ರಂಗಿನದಾದ ಕಳಾವರದ 5 ಒಂದೇ ಒಂದು ಎಲೆ ನಮ್ಮನ್ನು ಹತ್ತಕ್ಕೆ ಏರಿಸಬಲ್ಲುದು. 46ರಲ್ಲಿ 1.

10-ಗುಲಾಮ-ರಾಣಿ-ರಾಜ ಕೈಗೆ? ನಾಲ್ಕು 5ಗಳಲ್ಲಿ ಯಾವುದು ಬಂದರೂ ನಾಲ್ಕು ಹದಿನೈದುಗಳು ಮತ್ತು ಸರಣಿ ಸೇರಿ 12. ಉಳಿದ ಹನ್ನೆರಡು 10, ಗುಲಾಮ, ರಾಣಿ, ರಾಜಗಳಲ್ಲಿ ಯಾವುದು ಬಂದರೂ ನಾಲ್ಕರ ಸರಣಿ ಎರಡು ಸಲ, ಜೋಡಿ ಒಂದು, ಸರಿಯಾಗಿ 10. 46ರಲ್ಲಿ 16.

ಆಗ 7 ಮತ್ತು 8ನ್ನು ಎದುರಾಳಿಯ ಕ್ರಿಬ್ಬಿಗೆ ಧೈರ್ಯವಾಗಿ ಹಾಕುತ್ತೇವೆ. ಅವನು ತೆರೆದು ನೋಡಿ ಹಿಗ್ಗಲಿ; 30 ಸಲ ಅವನು ತನ್ನ ಕೈಯನ್ನು ಎಣಿಸಿಯೇ ಗೆಲ್ಲುವನು, ಕ್ರಿಬ್ಬಿನ ಹಂಗು ಅವನಿಗಿಲ್ಲ. ಉಳಿದ 16 ಸಲ ನಮ್ಮ ಗೂಟ 121ರ ರಂಧ್ರದಲ್ಲಿ ಕುಳಿತಿರುವುದು, ಮತ್ತು ಅವನ ಕ್ರಿಬ್ಬಿನ ನಾಲ್ಕು ಎಲೆಗಳು ಮೇಜಿನ ಅಂಚಿನಲ್ಲಿ ಇನ್ನೂ ಮುಖ ಕೆಳಗಾಗಿಯೇ ಇರುವುವು.